ಥೇಟ್ ನಿಮ್ಮಪ್ಪ

ಮೇಲಿನ ಸಾಲಿನ ಎಡ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಅರ್ಧ ಹತ್ತಿ ಕೂತಿದೆ, ಸಂದಿಯಲ್ಲಿ ಕಾಫಿಯ ಕಂದು ಗೆರೆ, ಇವರು ಬಲಗಡೆಯಿಂದಲೇ ಅಗಿಯುವವರು, ಆ ಕಡೆಯ ದವಡೆ ಕೊಂಚ ದಪ್ಪ, ಚಿಕ್ಕವರಿದ್ದಾಗಲೇ ತಂತಿ ಹಾಕಿಸಿಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಈಗಲೂ ಏನೂ ತಡವಾಗಿಲ್ಲ — ಆ ಬಾಯಿ ನಿಂತಿದೆ, ಮುಚ್ಚಿದೆ, ನನ್ನ ಉತ್ತರಕ್ಕೆ ಕಾಯುತ್ತಿದೆ. ಏನಂದ್ರಿ ಡಾಕ್ಟ್ರೇ, ಅಂದೆ. ಅವರು ನಗಲಿಲ್ಲ. ಎದುರಿಗೇ ಕೂತು ಯಾರಾದ್ರೂ ಮಾತಾಡ್ತಿರುವಾಗ ನಿಮ್ಮ ಗಮನ ಬೇರೆ ಕಡೆ ಹೋಗತ್ತಾ ಅಂತ ಕೇಳಿದೆ ಮೇಡಂ, ಅಂದರು. ಪಕ್ಕದ ಕುರ್ಚಿಯಲ್ಲಿ ಅಮ್ಮ ಮೂಗಿನಲ್ಲೇ ನಕ್ಕಳು. ಯಾವತ್ತೂ ಇಲ್ಲ, ಅಪರೂಪಕ್ಕೆ, ಒಮ್ಮೊಮ್ಮೆ, ಆಗಾಗ, ಯಾವಾಗಲೂ, ಇದರಲ್ಲಿ ಯಾವುದಾದರೂ ಒಂದು ಹೇಳಬೇಕು, ಪ್ರತಿ ಪ್ರಶ್ನೆಗೂ ಹೀಗೇ ಒಂದು, ನಾನು ಒಮ್ಮೊಮ್ಮೆ ಅಂದೆ, ಅಮ್ಮ ಯಾವಾಗಲೂ ಅಂದಳು, ಕೇಳಿದ್ದು ನನ್ನನ್ನು ಕಣಮ್ಮಾ, ಹೌದು ಕಣೇ ಆದ್ರೆ ನೀನು ಕೇಳಿಸಿಕೊಳ್ಳಲೇ ಇಲ್ವಲ್ಲ. ಅಮ್ಮನನ್ನು ಕರೆತರಬೇಕೆಂದು ಹೇಳಿದ್ದು ಈ ಮನೋವೈದ್ಯರೇ, ಇದು ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾಗೋದಲ್ಲ, ಚಿಕ್ಕಂದಿನಿಂದ ಇದೆಯೇ ಅಂತ ಗೊತ್ತಾಗಬೇಕು, ನಿಮ್ಮನ್ನು ಆಡಿಸಿ ಬೆಳೆಸಿದವರು ಒಬ್ಬರು ಜೊತೆಗಿರಲಿ. ಎಡಿಎಚ್‌ಡಿ ಎಂಬ ಈ ಗಮನದ ತೊಂದರೆ ಅಂದರೆ ಕುರ್ಚಿಯಿಂದ ಕುರ್ಚಿಗೆ ಹಾರುವ ಮಕ್ಕಳು ಎಂದುಕೊಂಡಿದ್ದವಳು ನಾನು, ಅಂಥ ಎಷ್ಟು ಮಕ್ಕಳ ಹಲ್ಲಿಗೆ ಸಿಮೆಂಟು ತುಂಬಿಲ್ಲ, ಅವರ ತಾಯಂದಿರಿಗೆ ಎಷ್ಟು ಬುದ್ಧಿ ಹೇಳಿಲ್ಲ. ನನ್ನ ಕಾಲು ಮೇಜಿನ ಕೆಳಗೆ ಒಂದೇ ಸಮ ಕುಣಿಯುತ್ತಿದೆ. ಅವರು ನೋಡಿದರು. ನಿಲ್ಲಿಸಿದೆ. ಮತ್ತೆ ಕುಣಿಯುತ್ತಿದೆ.

ಬಾಯೊಳಗೆ ಹೊಕ್ಕರೆ ನನಗೆ ಬೇರೇನೂ ಇಲ್ಲ ಡಾಕ್ಟ್ರೇ, ದೀಪದ ಆ ಬೆಳಕಿನ ಉಂಡೆ, ಒಂದು ಹಲ್ಲು, ಅದರ ಬೇರು, ಅಷ್ಟೇ ಪ್ರಪಂಚ, ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಹೊರಗೆ ಕಾಯುವವರು ಗೊಣಗಿಕೊಂಡು ಎದ್ದು ಹೋಗಿರುತ್ತಾರೆ — ಇದನ್ನು ಹೇಳಿದೆನೋ ಮನಸ್ಸಿನಲ್ಲೇ ಅಂದುಕೊಂಡೆನೋ. ಹಾಗಿದ್ದವಳು ಮೊನ್ನೆ. ರೇಡಿಯೋದಲ್ಲಿ ವಾರ್ತೆ ಓದುವವರು, ಗಟ್ಟಿ ದನಿಯ ಮನುಷ್ಯ, ಕೆಳಗಿನ ದವಡೆಹಲ್ಲು ಪೂರಾ ಹುಳುಕು, ತೆಗೆಯದೆ ಗತ್ಯಂತರವಿಲ್ಲ, ಮರಗಟ್ಟಿಸುವ ಸೂಜಿ ಕೊಟ್ಟೆ, ಅಷ್ಟರಲ್ಲಿ ಫೋನು, ಲ್ಯಾಬಿನವನು ಯಾರದೋ ಕಟ್ಟುಹಲ್ಲಿನ ಬಣ್ಣ ಕೇಳುತ್ತಿದ್ದ, ಬಂದೆ, ಕೂತೆ, ತುಟಿ ಚಿವುಟಿ ನೋಡಿದೆ, ಅವರಿಗೆ ನೋವು ಗೊತ್ತಾಗುತ್ತಿದೆ, ಮದ್ದು ಹಿಡಿದಿಲ್ಲ ಎಂದು ಇನ್ನೊಂದು ಸೂಜಿ ಕೊಟ್ಟೆ, ಇಕ್ಕಳ ಹಾಕಿದೆ, ಹಿಡಿತ ಗಟ್ಟಿ ಮಾಡಿದೆ — ನನ್ನ ಮಣಿಕಟ್ಟಿನ ಮೇಲೆ ಸಿಸ್ಟರ್ ಕೈ. ಇಷ್ಟು ವರ್ಷದಲ್ಲಿ ಅವಳು ನನ್ನ ಕೈ ಮುಟ್ಟಿದವಳಲ್ಲ. ಮೇಡಂ, ಇದಲ್ಲ, ಆ ಕಡೇದು. ಅಷ್ಟೇ ಮೆಲ್ಲಗೆ. ಇಕ್ಕಳದ ಬಾಯಲ್ಲಿ ಬಿಳಿಯ, ಗುಂಡುಕಲ್ಲಿನಂಥ, ಯಾವ ದೋಷವೂ ಇಲ್ಲದ ಹಲ್ಲು. ಎರಡೂ ಕಡೆ ಮರಗಟ್ಟಿದ ಮುಖ ಹೊತ್ತು ಆ ಮನುಷ್ಯ ಏನೋ ಕೇಳಿದರು, ಜೊಲ್ಲಿನ ಜೊತೆ ಮಾತೂ ಸುರಿಯಿತು, ಒಂದಕ್ಷರ ಅರ್ಥವಾಗಲಿಲ್ಲ. ಅವತ್ತು ಅವರ ಬದಲು ಬೇರೆ ಯಾರೋ ವಾರ್ತೆ ಓದಿದರು. ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಈ ಡಾಕ್ಟರಿಗೆ ಫೋನು ಮಾಡಿದೆ. ಕೀಲಿ ಕಳೆಯುವುದು, ಛತ್ರಿ ಕಳೆಯುವುದು, ಹಾಲು ಉಕ್ಕಿಸುವುದು, ಅದೆಲ್ಲ ಮನೆಯ ತಮಾಷೆ. ಇದು ಇನ್ನೊಬ್ಬರ ಬಾಯಿ.

ಚಿಕ್ಕಂದಿನಲ್ಲಿ ಹೇಗಿದ್ರು ಅಮ್ಮಾ ಇವರು, ಎನ್ನುತ್ತಿದ್ದಾರೆ ಡಾಕ್ಟರು, ಅಮ್ಮ ಸೆರಗು ಸರಿಮಾಡಿಕೊಂಡು ಕುರ್ಚಿಯ ತುದಿಗೆ ಬಂದಿದ್ದಾಳೆ, ಅವಳನ್ನು ಈ ವಿಷಯ ಯಾರೂ ಕೇಳಿದ್ದೇ ಇಲ್ಲ. ಏನು ಹೇಳ್ಲಿ ಡಾಕ್ಟ್ರೇ, ಸ್ಕೂಲಿಗೆ ಹೋದ ವಸ್ತು ವಾಪಸ್ ಬಂದಿದ್ದೇ ಇಲ್ಲ, ಮೈಮೇಲಿನ ಸ್ವೆಟರೂ ಸೇರಿ. ಲೆಕ್ಕ ಮಾಡು ಅಂದ್ರೆ ಅರ್ಧಕ್ಕೆ ಎದ್ದು ಇರುವೆ ನೋಡೋಳು. ಬುದ್ಧಿಗೇನೂ ಬರ ಇಲ್ಲ, ಪರೀಕ್ಷೆ ಹಿಂದಿನ ದಿನ ಕೂತ್ರೆ ಪುಸ್ತಕ ಪೂರ್ತಿ ನುಂಗೋಳು. ಹೊಡೆದಿದ್ದೀನಿ, ಬೈದಿದ್ದೀನಿ, ಸುಮ್ನೆ ಯಾಕೆ ಸುಳ್ಳು ಹೇಳ್ಲಿ. ಥೇಟ್ ಅವರಪ್ಪ. ಅದೇ, ಆ ಮಾತು, ನನ್ನ ಬೆನ್ನಿಗೆ ಅಂಟಿಕೊಂಡೇ ಬೆಳೆದದ್ದು, ಚೊಂಬು ಬಿದ್ದರೆ ಥೇಟ್ ನಿಮ್ಮಪ್ಪ, ಬಸ್ಸು ತಪ್ಪಿದರೆ ಥೇಟ್ ನಿಮ್ಮಪ್ಪ, ಇದಕ್ಕಿಂತ ಕೆಟ್ಟ ಬೈಗುಳ ನಮ್ಮ ಮನೆಯಲ್ಲಿ ಇರಲಿಲ್ಲ. ಡಾಕ್ಟರ ಪೆನ್ನು ನಿಂತಿತು. ತಂದೆಯವರೂ ಹೀಗೇ ಇದ್ರಾ? ಅಯ್ಯೋ, ಕೇಳ್ಬೇಡಿ, ವಾಚ್ ರಿಪೇರಿ ಅವರದ್ದು, ಊರವರ ಗಡಿಯಾರಕ್ಕೆಲ್ಲ ಟೈಮ್ ಕೂರಿಸೋರು, ತಾವು ಮಾತ್ರ ಎಲ್ಲಿಗೂ ಟೈಮಿಗೆ ಹೋದೋರಲ್ಲ. ಕಣ್ಣಿಗೆ ಆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ್ರೆ ಮನೆಗೆ ಬೆಂಕಿ ಬಿದ್ರೂ ಏಳ್ತಿರ್ಲಿಲ್ಲ, ಬಿದ್ದಿದ್ದೂ ಉಂಟು ಒಂದ್ಸಲ, ಇಸ್ತ್ರಿ ಪೆಟ್ಟಿಗೆ ಮರೆತು. ಕೊನೆಗೆ ಮಗೂನೇ ಮರೆತ್ರಲ್ಲ.

ಬೆಂಚು ತಣ್ಣಗಿತ್ತು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಬಸ್‌ಸ್ಟ್ಯಾಂಡಿನ ಕಬ್ಬಿಣದ ಬೆಂಚು, ತೊಡೆಗೆ ಅದರ ಪಟ್ಟಿಗಳ ಅಚ್ಚು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಇಲ್ಲೇ ಕೂತಿರು ಪುಟ್ಟೀ ಎಂದು ಹೋದ ಅಪ್ಪ ಜೇಬಿನಿಂದ ಯಾರದೋ ವಾಚು ತೆಗೆದು ಕಿವಿಗೆ ಹಿಡಿದುಕೊಂಡೇ ಬಸ್ಸು ಹತ್ತಿದರು, ಬಸ್ಸು ಹೊರಟಿತು, ನಾನು ಕೈಯನ್ನೂ ಬೀಸಿದೆ, ಬರುತ್ತಾರೆ ಎಂದುಕೊಂಡು. ಬಿಸ್ಕತ್ತು ಮುಗಿಯಿತು. ಚಹಾ ಅಂಗಡಿಯ ಹೆಂಗಸು ಬಂದು ಯಾರ ಮಗು ಎಂದು ಕೇಳಿ ಅಮ್ಮನಿಗೆ ಫೋನು ಮಾಡಿದಳು, ಅಮ್ಮ ಟ್ಯಾಕ್ಸಿಯಲ್ಲಿ ಬಂದು ನನ್ನನ್ನು ಎತ್ತಿ ಎದೆಗೆ ಒತ್ತಿಕೊಂಡಳು, ಉಸಿರು ಕಟ್ಟುವಷ್ಟು, ಸೀರೆ ಬಿಟ್ಟು ನನಗೇನೂ ಕಾಣುತ್ತಿರಲಿಲ್ಲ. ಆಮೇಲೆ ನಾವು ಅಪ್ಪನ ಮನೆಗೆ ಹೋಗಲೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ನೆನಪಾಯ್ತಂತೆ ನಿಮ್ಮಪ್ಪನಿಗೆ ಮಗಳೊಬ್ಬಳಿದ್ದಾಳೆ ಅಂತ. ಅಮ್ಮ ಹೀಗೆ ಹೇಳಿದಳು, ಮತ್ತೆ ಮತ್ತೆ ಹೇಳಿದಳು, ನಾನು ಅದನ್ನು ಉಂಡು ಬೆಳೆದೆ. ಕಾಲೇಜಿನಲ್ಲಿ ಪದವಿ ಕೊಟ್ಟ ದಿನ ಅಪ್ಪ ಬಂದಾಗ ಆಳುಗಳು ಕುರ್ಚಿ ಮಡಚಿ ಒಟ್ಟುತ್ತಿದ್ದರು, ಬೆವರಿನಲ್ಲಿ ಅಂಗಿ ಒದ್ದೆ, ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದಾರೆ, ತಡ ಆಯ್ತು ಪುಟ್ಟೀ, ಅಂದರು, ಅವತ್ತೂ ನಾನು, ಆ ಬಸ್‌ಸ್ಟ್ಯಾಂಡಲ್ಲಿ, ಅಂದರು, ಬೇಡ ಅಂದೆ, ಏನೂ ಹೇಳ್ಬೇಡಿ, ಅಂದೆ, ನಡೆದುಬಿಟ್ಟೆ. ಸತ್ತಾಗ ಹೋಗಿದ್ದೆ, ಬಾಡಿಗೆ ಕೋಣೆ, ಕೀಲಿಯನ್ನು ದಾರದಲ್ಲಿ ಬಾಗಿಲಿಗೇ ಕಟ್ಟಿದ್ದರು, ಕನ್ನಡಕವನ್ನು ಮಂಚದ ಕಾಲಿಗೆ, ತಲೆ ಕೆಟ್ಟಿತ್ತು ಪಾಪ ಎಂದರು ಅಕ್ಕಪಕ್ಕದವರು, ನಾನು ಹೌದು ಎಂದೆ. ಕಣ್ಣೀರು ಬರಲಿಲ್ಲ.

ಆಮೇಲೆ, ಎಂದು ಕೇಳುತ್ತಿದ್ದಾರೆ ಡಾಕ್ಟರು, ಸುಮ್ಮನೆ, ಮೆಲ್ಲಗೆ, ಕತೆ ಕೇಳುವವರ ಹಾಗೆ. ಅಮ್ಮನ ಕಣ್ಣು ಗೋಡೆಯ ಮೇಲೆ ಎಲ್ಲೋ. ಆಮೇಲೇನು, ಓಡಿ ಬಂದ್ರು. ಯಾರು, ಅಂದೆ ನಾನು. ಅಮ್ಮನಿಗೆ ಕೇಳಿಸಲಿಲ್ಲ. ಊರಾಚೆ ಸೇತುವೆ ಹತ್ರ ನೆನಪಾಗಿದೆ ಡಾಕ್ಟ್ರೇ, ಬಸ್ಸು ನಿಲ್ಲೋಕೂ ಬಿಡದೆ ಹಾರಿದ್ದಾರೆ, ಅಲ್ಲಿಂದ ಬಸ್‌ಸ್ಟ್ಯಾಂಡಿನವರೆಗೂ ಓಡಿದ್ದಾರೆ. ನಾನು ಇವಳನ್ನ ಟ್ಯಾಕ್ಸಿಗೆ ಹತ್ತಿಸಿಕೊಂಡು ಇನ್ನೇನು ಹೊರಟೆ, ಹಿಂದಿನ ಗಾಜಲ್ಲಿ ಕಂಡ್ರು. ರಸ್ತೆ ಮಧ್ಯದಲ್ಲಿ ಓಡಿ ಬರ್ತಿದ್ದಾರೆ. ಒಂದು ಕಾಲಲ್ಲಿ ಚಪ್ಪಲಿ ಇರ್ಲಿಲ್ಲ. ಡ್ರೈವರ್ ಕೇಳ್ದ, ನಿಲ್ಲಿಸ್ಲಾ ಅಂತ. ಬೇಡಪ್ಪಾ, ಹೋಗು ಅಂದೆ. ನನಗೆ ಸಾಕಾಗಿತ್ತು ಡಾಕ್ಟ್ರೇ. ನಿಲ್ಲಿಸಿದ್ರೆ ಮತ್ತೆ ಕರಗಿಹೋಗ್ತಿದ್ದೆ, ಮತ್ತೆ ಅದೇ ಮನೆ, ಅದೇ ಬೆಂಕಿ. ಮಗು ಉಳೀಬೇಕಲ್ಲ. — ನನ್ನ ಕಾಲು ಕುಣಿಯುವುದು ನಿಂತಿದೆ, ಅದು ನಿಂತದ್ದು ನನಗೇ ಗೊತ್ತಾಗುತ್ತಿದೆ, ಮೈ ಮರಗಟ್ಟಿದೆ, ಮಾತು ಹೊರಡಿಸಲು ನಾಲಿಗೆಯನ್ನು ಹುಡುಕಬೇಕಾಗಿದೆ. ರಾತ್ರಿ ಊಟದ ಹೊತ್ತಿಗೆ ನೆನಪಾಯ್ತು ಅಂದಿದ್ದೆಯಲ್ಲಮ್ಮಾ. ಅಮ್ಮ ನನ್ನ ಕಡೆ ತಿರುಗಿದಳು, ಆಗಲೇ ಅವಳಿಗೂ ಗೊತ್ತಾಯಿತು ತಾನು ಯಾರ ಎದುರಿಗೆ ಏನು ಹೇಳಿದೆ ಎಂದು, ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಓಡಿ ಬಂದರು. ನಾನು ಸೀರೆಯಲ್ಲಿ ಮುಖ ಮುಚ್ಚಿಕೊಂಡಿದ್ದೆ, ಗಾಜಿನಾಚೆ ಬರಿಗಾಲು.

ಇವತ್ತಿನದು ಜರಡಿ ಹಿಡಿದ ಹಾಗೆ ಅಷ್ಟೇ, ಎನ್ನುತ್ತಿದ್ದಾರೆ ಡಾಕ್ಟರು, ಇನ್ನೊಮ್ಮೆ ಕೂತು ವಿವರವಾಗಿ ನೋಡಬೇಕು, ಥೈರಾಯ್ಡು, ನಿದ್ದೆ, ಅದನ್ನೂ ನೋಡೋಣ, ಆದ್ರೆ ಲಕ್ಷಣ ಬಲವಾಗೇ ಇದೆ ಮೇಡಂ. ಗಮನ ಇಲ್ಲ ಅಂತಲ್ಲ ಇದರರ್ಥ, ಗಮನದ ಲಗಾಮು ಕೈಲಿಲ್ಲ ಅಂತ. ಪ್ರೀತಿ ಇಲ್ದೆ ಮರೆಯೋದಲ್ಲ. ರಕ್ತದಲ್ಲಿ ಹರಿದು ಬರೋದು ಬಹಳ ಸಾಮಾನ್ಯ. ಔಷಧಿ ಇದೆ, ಅಭ್ಯಾಸಗಳಿವೆ, ಅಲ್ಲೀವರೆಗೆ ಹಲ್ಲು ತೆಗೆಯೋ ಮುಂಚೆ ನೀವೊಮ್ಮೆ, ಸಿಸ್ಟರ್ ಒಮ್ಮೆ, ಇಬ್ಬರೂ ಜೋರಾಗಿ ಹೇಳಿ ಖಚಿತ ಮಾಡ್ಕೊಳ್ಳಿ. ತಲೆಯಾಡಿಸಿದೆ. ಎಲ್ಲ ಕೇಳಿಸಿತು, ಒಂದು ಮಾತೂ ತಪ್ಪಲಿಲ್ಲ, ಬದುಕಿನಲ್ಲಿ ಮೊದಲ ಸಲ ಎದುರಿಗಿರುವವರ ಮಾತು ಪೂರ್ತಿ ಕೇಳಿಸಿಕೊಂಡಿದ್ದೇನೆ, ಔಷಧಿ ಇದೆ, ಔಷಧಿ ಇತ್ತು, ಕೀಲಿಗೆ ದಾರ ಕಟ್ಟಿಕೊಂಡು ಅಪ್ಪ ಒಬ್ಬರೇ ಔಷಧಿ ಮಾಡಿಕೊಳ್ಳುತ್ತಿದ್ದರು, ಅವರಿಗೆ ಯಾರೂ ಪ್ರಶ್ನೆ ಕೇಳಲಿಲ್ಲ, ಆಗಾಗಾನಾ, ಯಾವಾಗಲೂನಾ ಎಂದು ಕೇಳಲಿಲ್ಲ, ಕೇಳಬಹುದಾಗಿದ್ದ ನಾನು ಬೇಡ ಅಂದೆ. ಮೆಟ್ಟಿಲು, ಕಾರಿಡಾರು, ಬಿಸಿಲು. ಅಮ್ಮ ನನ್ನ ಮೊಣಕೈ ಹಿಡಿದಿದ್ದಾಳೆ, ಅವಳ ಕೈ ಬೆವರಿದೆ, ಇಷ್ಟು ಹಗುರ ಯಾವಾಗ ಆದಳು ಇವಳು. ಬಯ್ಯಿ ಕಣೇ, ಸುಮ್ನಿರ್ಬೇಡ, ಅನ್ನುತ್ತಿದ್ದಾಳೆ. ಬಯ್ಯಬೇಕು, ಸಿಟ್ಟು ಎಲ್ಲಿ, ಇಲ್ಲೇ ಎಲ್ಲೋ ಇಟ್ಟಿದ್ದೆ, ಕೈಗೆ ಸಿಗುತ್ತಿಲ್ಲ. ಅಪ್ಪ ಏನಾದ್ರೂ ಕೂಗ್ತಿದ್ರೇನಮ್ಮಾ, ಅಂದೆ. ಅಮ್ಮ ರಸ್ತೆ ನೋಡಿದಳು. ಪುಟ್ಟೀ ಪುಟ್ಟೀ ಅಂತ ಕೂಗ್ತಿದ್ರು. ಗಾಜು ಏರಿಸಿದ್ದೆ, ನಿನಗೆ ಕೇಳಿಸ್ಲಿಲ್ಲ. ಎಲ್ಲೀವರೆಗೆ ಬಂದ್ರು? ನಾವು ಮೂಲೆ ತಿರುಗೋವರೆಗೂ ಬರ್ತಾನೇ ಇದ್ರು. ಟ್ಯಾಕ್ಸಿ ಕರೀಲಾ, ಬಿಸಿಲು ಜೋರಿದೆ, ಎಂದಳು, ನಾನು ಹೂಂ ಎನ್ನಬೇಕು, ಕೈ ಎತ್ತಬೇಕು, ಒಂದು ಬಂದು ನಿಂತಿದೆ, ಬಾಗಿಲು ತೆರೆದಿದೆ, ಹತ್ತು ಎನ್ನುತ್ತಿದ್ದಾಳೆ ಅಮ್ಮ, ಹಿಂದಿನ ಗಾಜು, ಬಿಳಿ ರಸ್ತೆ, ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಇಲ್ಲ, ಏಳುತ್ತದೆ, ಬೀಳುತ್ತದೆ, ಆ ಬರಿಗಾಲು, ಬಿಸಿ ಡಾಂಬರಿನ ಮೇಲೆ, ಏಳುತ್ತದೆ, ಆ ಬರಿಗಾಲು —