ಪ್ಯಾನೆಲ್ಲಿನೊಳಗಿನ ವಿಭೂತಿ

ತಮಿಳು ಸೀಮೆಯ ಗಿಂಡಿಯಲ್ಲಿದ್ದ ನಮ್ಮ ಬೋಲ್ಟು ತಯಾರಿಸುವ ಶೆಡ್ಡಿನ ಕೀಗೊಂಚಲನ್ನು ಅಪ್ಪ ಕೊಟ್ರಪ್ಪ ಸೊಂಟದಿಂದ ಇಳಿಸಿದವನೇ ಅಲ್ಲ. "ಆಯುಧಪೂಜಿ ದಿನ ಯಾರಿಗೆ ಕೊಡಬೇಕೋ ಕೊಡ್ತೀನಿ" ಎಂದು ನನ್ನನ್ನೂ ತಮ್ಮ ರವಿಶಂಕರನನ್ನೂ ವರ್ಷವಿಡೀ ಆಟ ಆಡಿಸಿದ. ಎಂಜಿನಿಯರಿಂಗ್ ಓದಿ ಶೆಡ್ಡು ನಡೆಸುತ್ತಿದ್ದವಳು ನಾನು. ಶುಕ್ರವಾರ ಬಂದು ಸಾಂಬ್ರಾಣಿ ಹಾಕಿ ಹೋಗುತ್ತಿದ್ದವನು ರವಿ. ಕೀ ನನಗೆ ಬೇಕಿತ್ತು, ಮುಚ್ಚಿಡುವುದೇನು?

ಕರೆಂಟಿನ ಪ್ಯಾನೆಲ್ಲಿನೊಳಗೆ ನಾನೊಂದು ಏರೋಸಾಲ್ ಡಬ್ಬಿ ಕೂರಿಸಿದೆ.

"ಇಷ್ಟು ಸಣ್ಣ ಡಬ್ಬಿ ಬೆಂಕಿ ಆರಸ್ತೈತೇನು, ಬಿಂದೂ?" ಅಪ್ಪ ನಕ್ಕ.

"ಒಳಗೆ ಪೊಟ್ಯಾಸಿಯಂ ಉಪ್ಪಿನ ಗಟ್ಟಿ ಐತಪ್ಪಾ. ಕಾವು ತಾಗಿದ್ರೆ ಹೊಗೆಯಂಗೆ ಸಣ್ಣ ಪುಡಿ ಉಗುಳ್ತೈತಿ. ಆ ಪುಡಿ ಉರಿ ಮುಂದಕ್ಕೆ ಹಬ್ಬೋದನ್ನ ಅಲ್ಲೇ ಕಡಿತೈತಿ. ನೀರು, ಪೈಪು ಏನೂ ಬೇಡ. ಸರ್ವರ್ ರೂಮು, ಬಸ್ಸಿನ ಎಂಜಿನ್ನು, ಇಂಥ ಮುಚ್ಚಿದ ಜಾಗಕ್ಕೆ ಸರಿ. ಸಂದು ಬಿಟ್ರೆ ಮಾತ್ರ ಪುಡಿಯೆಲ್ಲ ಹೊರಗೆ."

ಕೇಳಿದವರು ಯಾರು? ರವಿ ಪ್ಯಾನೆಲ್ಲಿನೊಳಗೆ ಮನೆದೇವರ ಪಟ ಅಂಟಿಸಿ, ಸ್ವಾಮಿಗೆ ಮಂಗಳಾರತಿ ಕಾಣಲೆಂದು ಅದರ ಬಾಗಿಲಿಗೇ ಕಿಂಡಿ ಕೊರೆಸಿದ! ಪ್ರತಿ ಶುಕ್ರವಾರ ಅವನು ಪೂಜೆ ಮುಗಿಸಿ ಹೋದಮೇಲೆ ನಾನು ಕಿಂಡಿಗೆ ತಗಡು ಬಿಗಿಯುತ್ತಿದ್ದೆ. ಮುಂದಿನ ಶುಕ್ರವಾರ ಆ ಮಹಾಶಯ ಅದನ್ನು ಬಿಚ್ಚುತ್ತಿದ್ದ.

ಆಯುಧಪೂಜೆಗೆ ಎರಡು ದಿನ ಇರುವಾಗ ಪ್ಯಾನೆಲ್ಲಿನಲ್ಲಿ ಶಾರ್ಟಾಗಿ ಬೆಂಕಿ ಹತ್ತಿತು. ನನ್ನ ಪುಣ್ಯ, ತಗಡು ಬಿಗಿದಿತ್ತು. ಬುಸ್ಸೆಂದು ಸದ್ದಾಯಿತು. ಮೇನ್ ಸ್ವಿಚ್ಚು ಆರಿಸಿ, ಎಲ್ಲ ತಣ್ಣಗಾದ ಮೇಲೆ ತೆರೆದೆವು. ಬೆಂಕಿ ಆರಿತ್ತು, ಪಟಕ್ಕೆ ಏನೂ ಆಗಿರಲಿಲ್ಲ, ಒಳಗೆಲ್ಲ ಬೆಳ್ಳನೆ ಪುಡಿ.

"ಸ್ವಾಮಿ ವಿಭೂತಿ ಕೊಟ್ಟಾನ!" ಅಪ್ಪ ಆ ಪುಡಿಯಿಂದಲೇ ಹಣೆಗೆ ಮೂರು ಪಟ್ಟೆ ಎಳೆದುಕೊಂಡ. ಬೆವರಿಗೆ ಹಣೆ ಉರಿಯತೊಡಗಿತು. ಅದೂ ಸ್ವಾಮಿಯ ಶಕ್ತಿಯೇ ಅಂತೆ. ಪೂಜೆಯ ದಿನದವರೆಗೂ ಕಾಯದೆ ಕೀಗೊಂಚಲನ್ನು ಪಟ ತಂದ ಮಗನ ಕೈಗಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

ಪೂಜೆಯ ಬೆಳಿಗ್ಗೆ ಹೊಸ ವೈರು ಎಳೆದಾಗಿತ್ತು. ಹೊಸ ಯಜಮಾನ ಮೇನ್ ಹಾಕಬೇಕು. ಕೈ ಮುಂದೆ ಹೋಗಲಿಲ್ಲ.

"ಅಕ್ಕಾ, ಆ ಡಬ್ಬಾ ಖಾಲಿ ಅಲ್ವಾ? ಸೀಕ್ರಂ, ಬೇಗ ಇನ್ನೊಂದು ಹಾಕಿಸು, ಪ್ಲೀಸ್."

"ಯಾಕೋ? ಸ್ವಾಮಿ ಒಳಗೇ ಇದಾನಲ್ಲ."

"ಸುಮ್ನಿರಕ್ಕಾ! ಭಯ ಆಗುತ್ತೆ."

ಅದು ಅಪ್ಪನಿಗೂ ಕೇಳಿಸಿತು. ನಾನು ಅಂಗೈ ಚಾಚಿದೆ. ರವಿ ಕೀಗೊಂಚಲು ಇಟ್ಟ. ಅದನ್ನು ನೋಡಿದ ಅಪ್ಪ, ಎರಡು ದಿನದಿಂದ ತೊಳೆಯದೆ ಕಾಪಾಡಿದ್ದ ಹಣೆಯನ್ನು ತೊಳೆಯಲು ನಲ್ಲಿಯ ಕಡೆ ನಡೆದ.