ಬೂದಿ ಸಿಮೆಂಟಿನ ಸ್ಲ್ಯಾಬು

ಬೆಂಗೇರಿಯ ಆ ಹೊಸ ಮನೆಯ ಸ್ಲ್ಯಾಬಿನ ಕೆಳಗೆ ದುರ್ಗಾ ಬೆಳಗಿನಿಂದ ಅಡ್ಡಾಡುತ್ತಲೇ ಇದ್ದಳು. ಸೆಂಟ್ರಿಂಗ್ ಕೆಲಸ ಅವಳದು. ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲುವ ತಗಡು, ಕಬ್ಬಿಣದ ಜಾಕಿಗಳೆಲ್ಲ ಅವಳವೇ. ಇಷ್ಟೊತ್ತಿಗೆ ಅವು ಅಮ್ಮಿನಬಾವಿಯಲ್ಲಿರಬೇಕಿತ್ತು.

"ಇನ್ನೊಂದ ವಾರ ಇರಲಿ, ದುರ್ಗಕ್ಕಾ," ಎಂದಿದ್ದಳು ಎಂಜಿನಿಯರ್ ಋತುಜಾ. "ಕರೆಂಟ್ ತಯಾರಿಸೋ ಕಾರ್ಖಾನಿ ಬೂದಿ ಕೂಡಿಸಿದ ಸಿಮೆಂಟ್ ಇದು. ಮುಂದ ಭಾಳ ಗಟ್ಟಿ ಆಗ್ತದ, ಸುರುವಿಗೆ ನಿಧಾನ. ಅದರಾಗ ಈ ಥಂಡಿ ಬ್ಯಾರೆ."

ಫೋನ್ ಮತ್ತೆ ಬಡಿದುಕೊಂಡಿತು. ಅಮ್ಮಿನಬಾವಿಯಲ್ಲಿ ಮನೆ ಕಟ್ಟಿಸುತ್ತಿದ್ದ ಶಾಕೀರ. "ಅಕ್ಕಾ, ಗೌಂಡಿಗಳು ಸುಮ್ನ ಕುಂತಾರ. ಬರೂದಿಲ್ಲಂದ್ರ ಹೇಳಿಬಿಡ್ರಿ, ಬ್ಯಾರೇದವ್ರನ್ನ ಕರಸ್ತೇನಿ."

"ಬಂದೆ, ಬಂದೆ," ಎಂದವಳೇ ದುರ್ಗಾ ಮಾಳಿಗೆ ಹತ್ತಿದಳು. ಸ್ಲ್ಯಾಬನ್ನು ಹಿಮ್ಮಡಿಯಿಂದ ಒತ್ತಿ ನೋಡಿದಳು. ಕಲ್ಲಿನ ಹಾಗೇ ಇತ್ತು. ಗೋಡೆಯಿಂದ ಹೊರಚಾಚಿದ ಸಜ್ಜಾದ ಬಳಿ ನಿಂತು ಕೆಳಗಿದ್ದ ತನ್ನ ಕೆಲಸದ ಹುಡುಗನನ್ನು ಕೂಗಿದಳು. "ಹುಲಗೇಶ, ಸಜ್ಜಾದ ಜಾಕಿ ಸಡಲ ಮಾಡು."

"ಮೇಡಂ ಬ್ಯಾಡಂದಾರಲ್ಲಕ್ಕಾ?"

"ಎರಡ ಜಾಕಿ ಸಡಲಾದ್ರ ಏನಾಕ್ಕೈತಿ? ಮಾಡೋ!"

ಮೊದಲು ಏನೂ ಆಗಲಿಲ್ಲ. ಆಮೇಲೆ ಅವಳ ಕಾಲ ಬಳಿಯೇ, ಗೋಡೆಯ ಗುಂಟ, ಕೂದಲೆಳೆಯಂಥ ಬಿರುಕೊಂದು ಹರಿಯಿತು.

"ಹೊರಗ ಬಾರೋ! ಲಗೂ ಬಾ!"

ಅವನು ಹೊರಗೆ ಜಿಗಿದ. ದುರ್ಗಾ ದಡದಡನೆ ಇಳಿದು ಬಂದು ತಾನೇ ಜಾಕಿ ತಿರುವಿ ಸಜ್ಜಾಕ್ಕೆ ಆನಿಸಿದಳು. ಋತುಜಾಗೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದಳು.

ಋತುಜಾ ಬಂದು ಬಿರುಕು ನೋಡಿದಳು. ಸ್ಲ್ಯಾಬಿಗೆ ಏನೂ ಆಗಿರಲಿಲ್ಲ, ಸಜ್ಜಾ ಮಾತ್ರ ಒಡೆದು ಹೊಸದಾಗಿ ಹಾಕಬೇಕಿತ್ತು. ಬೈಯಲಿಲ್ಲ. "ಆಗ ಹುಲಗೇಶ ಕೆಳಗಿದ್ದನೇನ್ರಿ?" ಎಂದು ಕೇಳಿದಳು, ಅಷ್ಟೇ.

ಸಂಜೆ ದುರ್ಗಾಳೇ ಶಾಕೀರನಿಗೆ ಫೋನ್ ಮಾಡಿದಳು. "ಬ್ಯಾರೇದವ್ರನ್ನ ಕರೀರಿ. ನನ್ನಿಂದ ಆಗೂದಿಲ್ಲ."

ವಿಷಯ ತಿಳಿದು ಅವನು ಗಾಬರಿಯಾದ. "ನಾನೂ ಅದ ಬೂದಿ ಸಿಮೆಂಟ್ ತಂದೇನಲ್ರಿ ಅಕ್ಕಾ! ತಿರುಗಿ ಕೊಡ್ಲೇನು?"

"ಬ್ಯಾಡ್ರಿ. ಸಿಮೆಂಟ್ ಛಲೋ ಐತಿ, ಅವಸರ ನಂದು. ಬಂದವ್ರಿಗೆ ಹೇಳ್ರಿ, ಲಗೂ ಬಿಚ್ಚಬ್ಯಾಡ್ರೀ ಅಂತ."

ಮುಂದಿನ ವಾರವೆಲ್ಲ ಅವಳಿಗೆ ಕುಂತಲ್ಲಿ ಕೂರಲಾಗಲಿಲ್ಲ. ಬೆಳಗ್ಗೆ, ಸಂಜೆ ಬೆಂಗೇರಿಗೆ ಬಂದು ಸ್ಲ್ಯಾಬಿಗೆ ನೀರುಣಿಸಿ ಹೋಗುತ್ತಿದ್ದಳು. ಕಡೆಗೆ ಋತುಜಾ ಹೂಂ ಎಂದ ದಿನ, ಹುಲಗೇಶನನ್ನು ರಸ್ತೆಯಾಚೆ ನಿಲ್ಲಿಸಿ, ಒಂದೊಂದೇ ಜಾಕಿಯನ್ನು ತಾನೇ ಬಿಚ್ಚಿದಳು. ಕೊನೆಯದನ್ನು ಇಳಿಸಿ ಮೇಲೆ ನೋಡಿದಳು.

ಸ್ಲ್ಯಾಬು ಅಲುಗಲಿಲ್ಲ. ಹೊರಗೆ ಬಂದು, ರಸ್ತೆಯಾಚೆ ನಿಂತಿದ್ದ ಹುಲಗೇಶನನ್ನು ಕೈಬೀಸಿ ಕರೆದಳು. "ಈಗ ಬಾರೋ, ಜಾಕಿ ಹೊರು."