ಆನೆಯ ಹಿಂದೆ ಬಂದ ಎಮ್ಮೆ

ಚಂದ್ರಲೇಖಾ ಒಂದು ದಿನ ರಜೆ ಹಾಕಿ ಮಾರನೆಯ ದಿನ ಶಾಲೆಗೆ ಬರುವಷ್ಟರಲ್ಲಿ ಗ್ರಂಥಪಾಲಕಿಯಾಗಿದ್ದಳು. ಸ್ಟಾಫ್ ಮೀಟಿಂಗಿಗೆ ಬಾರದವರ ತಲೆಗೆ ಕೆಲಸ ಕಟ್ಟುವುದು ಎಲ್ಲ ಶಾಲೆಗಳ ಸಂಪ್ರದಾಯ. ತಮಿಳುನಾಡಿನ ಗಡಿಯೊಳಗೆ, ಜವಳಗಿರಿಯಿಂದಾಚೆ ಕಾಡಿನ ಅಂಚಿನಲ್ಲಿರುವ ಈ ಸರ್ಕಾರಿ ಶಾಲೆಯೂ ಸಂಪ್ರದಾಯ ಬಿಟ್ಟದ್ದಲ್ಲ. ಅವಳು ಅಲ್ಲಿನ ಚಿಕ್ಕ ಕನ್ನಡ ವಿಭಾಗಕ್ಕೆ ಟೀಚರು. ದೊಡ್ಡದಾದ ತಮಿಳು ವಿಭಾಗ ಪಕ್ಕದ ಕಟ್ಟಡದಲ್ಲಿದೆ. ಗ್ರಂಥಾಲಯವೆಂದರೆ ಒಂದು ಕೊಠಡಿ, ಎರಡು ಬೀರು, ಬೆಂಗಳೂರಿನ ಯಾವುದೋ ಸಂಘದವರು ವ್ಯಾನಿನಲ್ಲಿ ತಂದಿಳಿಸಿ ಫೋಟೊ ತೆಗೆಸಿಕೊಂಡು ಹೋದ ಕನ್ನಡ ಪುಸ್ತಕಗಳು. ಇದರಲ್ಲಿ ನಿಜವಾಗಿ ಬೆಲೆಯುಳ್ಳದ್ದು ಕೊಠಡಿಯ ಬಾಗಿಲು. ಅದು ಸಂದಿಲ್ಲದಂತೆ ಮುಚ್ಚುತ್ತಿತ್ತು.

ಆ ಬಾಗಿಲಿನ ಮೇಲೆ ಬೈರಮ್ಮನ ಕಣ್ಣು ಬಿದ್ದಿತ್ತು. ಬೈರಮ್ಮ ಮಕ್ಕಳಿಗೆ ಬೆಳಗಿನ ತಿಂಡಿ ಮಾಡುವಾಕೆ. ಅವಳ ರವೆ, ಬೇಳೆ ಮೂಟೆಗಳು ವರಾಂಡದಲ್ಲಿರುತ್ತಿದ್ದವು. ಇಲಿಗಳು ಮಕ್ಕಳಿಗಿಂತ ಮೊದಲೇ ಹಾಜರಾಗುತ್ತಿದ್ದವು.

“ಪುಸ್ತಕಕ್ಕೆ ನಾನು ವಿರೋಧಿ ಅಲ್ಲ, ಟೀಚರ್,” ಎಂದರು ಹೆಡ್‌ಮಾಸ್ಟರ್ ರಘುನಾಥ್. “ಆದ್ರೆ ಇಲಿ ಪುಸ್ತಕ ತಿಂದ್ರೆ ಯಾರೂ ಕಂಪ್ಲೇಂಟ್ ಕೊಡಲ್ಲ. ರವೆ ತಿಂದ್ರೆ ಕೊಡ್ತಾರೆ. ಬರೋ ವಾರ ಶುಕ್ರವಾರ ಪೋಷಕರ ಸಮಿತಿ ಇದೆ. ಅವರು ರೂಮು ಲೈಬ್ರರಿಗೇ ಇರ್ಲಿ ಅಂದ್ರೆ ಇರ್ಲಿ. ರವೆಗೆ ಅಂದ್ರೆ ರವೆಗೆ.”

ಪುಸ್ತಕಗಳಿಗೆ ಬೇರೆ ಜಾಗವಿರಲಿಲ್ಲ. ಕೊಠಡಿ ಹೋದರೆ ಅವು ಗೋಣಿಚೀಲದೊಳಗೆ ಹೋಗುತ್ತವೆ, ಗೋಣಿಚೀಲ ವರಾಂಡಕ್ಕೆ. ಅಲ್ಲಿಂದಾಚೆಗಿನದು ಇಲಿಗಳಿಗೆ ಬಿಟ್ಟದ್ದು. ತಲೆಗೆ ಕಟ್ಟಿದ ಕೆಲಸವೇ ಆದರೂ ಈಗ ಅದನ್ನು ಬೇರೆಯವರು ಕಸಿದುಕೊಳ್ಳುತ್ತಾರೆಂದ ಕೂಡಲೇ ಚಂದ್ರಲೇಖಾಳಿಗೆ ಹಟ ಬಂತು.

ಪೋಷಕರಿಗೆ ಪುಸ್ತಕದ ರುಚಿ ಹತ್ತಿಸಬೇಕು, ಅವರೇ ಕೊಠಡಿ ಕೇಳಬೇಕು. ಅವರು ಶಾಲೆಗೆ ಬರುವುದಿಲ್ಲ. ಅರ್ಧ ಜನ ಹೊಲದಲ್ಲಿ, ಅರ್ಧ ಜನ ಹೊಸೂರಿನ ಕಂಪನಿ ಬಸ್ಸಿನಲ್ಲಿ. ಆದರೆ ಎಲ್ಲರ ಕೈಯಲ್ಲೂ ಫೋನಿತ್ತು, ಎಲ್ಲರ ಫೋನಿನಲ್ಲೂ ಟೀಚರ ನಂಬರಿತ್ತು. ಹೊಸೂರಿನ ಅವಲಪಲ್ಲಿಯ ತನ್ನ ಮನೆಯಲ್ಲಿ ಬೆಳಿಗ್ಗೆ ಎದ್ದವಳೇ, ಹಾಲು ಉಕ್ಕುವ ಮೊದಲು, ಅವಳು ಪುಸ್ತಕದ ಒಂದು ಪುಟದ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕತೊಡಗಿದಳು. ಕತೆ ಎಲ್ಲಿ ಬಿಸಿಯೇರುತ್ತದೋ ಅಲ್ಲಿಗೆ ಪುಟ ಮುಗಿಯುವಂತೆ ಆರಿಸುತ್ತಿದ್ದಳು. ಕೆಳಗೆ: “ಮುಂದಿನದು ನಮ್ಮ ಗ್ರಂಥಾಲಯದಲ್ಲಿ.”

ಪರಿಣಾಮ ಅವಳನ್ನೇ ಬೆಚ್ಚಿಬೀಳಿಸಿತು. ಜವಳಗಿರಿ ಬಸ್ಸಿನಲ್ಲಿ ಕೂತು ಸ್ಟೇಟಸ್ಸಿನ ಕೆಳಗಿನ ಕಣ್ಣಿನ ಗುರುತು ಒತ್ತಿದರೆ ಸಾಲುಸಾಲು ಹೆಸರುಗಳು. ಸಮಿತಿಯ ಅಧ್ಯಕ್ಷೆ ದಿವ್ಯ, ಹೊಸೂರಿನ ಕಂಪನಿಯೊಂದರಲ್ಲಿ ಫೋನು ಹೊರಗಿಟ್ಟು ಒಳಗೆ ಹೋಗಬೇಕಾದವಳು, ಒಳಗೆ ಹೋಗುವ ಮೊದಲು ನೋಡಿರುತ್ತಿದ್ದಳು. ಬೈರಮ್ಮನ ಗಂಡ ವೆಂಕಟರಮಣಪ್ಪ ನೋಡಿರುತ್ತಿದ್ದ. ಶತ್ರುಪಕ್ಷದ ಬೈರಮ್ಮನೂ ನೋಡಿರುತ್ತಿದ್ದಳು. ಇಷ್ಟು ಜನ ಕನ್ನಡ ಓದುಗರನ್ನು ಒಂದೇ ಬೆಳಿಗ್ಗೆ ಬೆಂಗಳೂರಿನಲ್ಲಿ ಹುಡುಕುವುದೂ ಕಷ್ಟವೆಂದು ಅವಳಿಗನ್ನಿಸಿತು. ಒಂದೇ ವಿಚಿತ್ರವೆಂದರೆ ಇಷ್ಟು ಓದಿದವರಲ್ಲಿ ಒಬ್ಬರೂ ಮುಂದಿನ ಪುಟ ಕೇಳಿಕೊಂಡು ಬರಲಿಲ್ಲ.

“ಊರಿಗೆ ಊರೇ ಓದ್ತಿದೆ ಸರ್,” ಎಂದು ಅವಳು ರಘುನಾಥರಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ನೋಡಿ, “ಶುಕ್ರವಾರ ಇದನ್ನೇ ಸಮಿತಿ ಮುಂದೆ ಇಡಿ,” ಎಂದರು.

ಸಮಿತಿ ಸೇರುವ ವಾರ ಅವಳು ಒಂದು ಬದಲಾವಣೆ ಮಾಡಿದಳು. ಪುಟದ ಬದಲಿಗೆ ಪುಸ್ತಕದ ಹಿಂಬದಿಯ ರಕ್ಷಾಪುಟದ ಫೋಟೊ ಹಾಕಿದಳು: ಶಾಲು ಹೊದ್ದ, ದಪ್ಪ ಕನ್ನಡಕದ, ಗಂಭೀರ ಮುಖದ ಲೇಖಕರು, ಕೆಳಗೆ ಅವರ ಬಗ್ಗೆ ನಾಲ್ಕು ಸಾಲು. ಬಸ್ಸಿಳಿಯುವಷ್ಟರಲ್ಲಿ ಉತ್ತರಗಳು ತುಂಬಿದ್ದವು. ಕೈಮುಗಿದ ಗೊಂಬೆಗಳು. ಓಂ ಶಾಂತಿ. ತಮಿಳಿನಲ್ಲಿ ಇರಂಗಲ್, ಅಂದರೆ ಸಂತಾಪ. ಒಬ್ಬಳು ಅಳುವ ಮುಖಗಳನ್ನು ಸಾಲಾಗಿ ಕಳಿಸಿದ್ದಳು.

ಅವಳು ಗಾಬರಿಯಿಂದ ಲೇಖಕರ ಹೆಸರನ್ನು ಫೋನಿನಲ್ಲಿ ಹುಡುಕಿದಳು. ಲೇಖಕರು ಮೈಸೂರಿನಲ್ಲಿ ಆರೋಗ್ಯವಾಗಿದ್ದರು. ಹಿಂದಿನ ವಾರವಷ್ಟೇ ಯಾರ ಮೇಲೋ ಹರಿಹಾಯ್ದಿದ್ದರು.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಒಂದು ಮೊಪೆಡ್ ನಿಂತಿತು. ಬಿಳಿ ಪಂಚೆ ಉಟ್ಟ ವೆಂಕಟರಮಣಪ್ಪ ಇಳಿದ. ಸುತ್ತಲ ಹಳ್ಳಿಗಳಲ್ಲಿ ಯಾರೇ ಸತ್ತರೂ ಹಾರ ಹಿಡಿದು ಹೋಗುವುದು ಆತನ ವ್ರತ. ಕೈಯಲ್ಲಿ ಚೆಂಡು ಹೂವಿನ ದಪ್ಪ ಹಾರವಿತ್ತು.

“ಇನ್ನೂ ಇಸ್ಕೂಲ್ನಾಗೇ ಇದ್ದೀಯಲ್ಲ ಟೀಚರಮ್ಮ! ಯಾವೊತ್ಗೆ ಎತ್ತಾರೆ?”

“ಏನನ್ನ ಎತ್ತೋದು?”

“ನಿಮ್ಮಪ್ಪಾರ್ನ ಕಣಮ್ಮ. ನೋಡ್ದೆ. ಒಳ್ಳೆ ಕಳೆ ಇತ್ತು ಮಕದಾಗೆ.”

ವಿಷಯ ಅರ್ಥವಾಗಲು ಚಂದ್ರಲೇಖಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಈ ಸೀಮೆಯ ಫೋನುಗಳಲ್ಲಿ ವಯಸ್ಸಾದವರ ಮುಖ, ಅದರ ಕೆಳಗೆ ನಾಲ್ಕು ಸಾಲು ಅಕ್ಷರ ಬಂದರೆ ಅದಕ್ಕೆ ಒಂದೇ ಅರ್ಥ. ಬದುಕಿರುವವರ ಫೋಟೊದ ಕೆಳಗೆ ಬರೆಯುವಂಥದ್ದು ಏನಿರುತ್ತದೆ?

“ನಮ್ಮಪ್ಪ ಮನೇಲಿ ಟೀವಿ ನೋಡ್ತಾ ಕೂತಿದ್ದಾರೆ. ಇವರು ಕತೆ ಬರೆಯೋರು. ಕೆಳಗೆ ಬರೆದಿತ್ತಲ್ಲ ಅಣ್ಣ, ಓದಲಿಲ್ವಾ?”

“ಓದಕ್ ಬಂದ್ರೆ ತಾನೆ!” ವೆಂಕಟರಮಣಪ್ಪನಿಗೆ ಇದರಲ್ಲಿ ನಾಚಿಕೆಪಡುವಂಥದ್ದೇನೂ ಕಾಣಲಿಲ್ಲ. “ನಮ್ ಕಾಲ್ದಾಗೆ ಇಲ್ಲಿ ಮೇಷ್ಟ್ರು ತಮಿಳೋರು. ಮೂರ್ನೇ ಕ್ಲಾಸ್ಗಂಟ ತಮಿಳಾಗೆ ಹೊಡೆಸ್ಕಂಡು ಬಿಟ್ಬುಟ್ಟೆ. ನಮ್ ಬೈರಿಗೆ ಅದೂ ಇಲ್ಲ. ಆ ದಿವ್ಯ ಬೇಕಾದ್ರೆ ಹನ್ನೆರಡು ಓದವ್ಳೆ, ಎಲ್ಲಾ ತಮಿಳೇ. ಮನ್ಯಾಗೆ ಕನ್ನಡ ಮಾತಾಡ್ತೀವಿ. ಅದ್ನ ಓದದು ಯಾತಕ್ಕಮ್ಮ?”

“ಹಾಗಾದ್ರೆ ದಿನಾ ಬೆಳಿಗ್ಗೆ ನನ್ನ ಸ್ಟೇಟಸ್ ಯಾಕೆ ನೋಡ್ತೀರಿ? ಎಲ್ಲರೂ?”

“ನಿಂದ್ನ ಯಾರ್ ನೋಡ್ತಾರೆ? ನಾವು ನೋಡದು ಸುಬ್ರಮಣೀದು.”

ಸುಬ್ರಮಣಿ ಕಾಡಂಚಿನ ರೈತ. ರಾತ್ರಿ ರಾಗಿ ಹೊಲದ ಅಟ್ಟಣೆಯ ಮೇಲೆ ಕಾವಲು ಕೂತು, ಬೆಳಕು ಹರಿಯುತ್ತಲೇ ಇಳಿದು, ಆನೆಗಳು ಯಾವ ಕಡೆ ಇವೆಯೆಂದು ಸ್ಟೇಟಸ್ಸಿಗೆ ಹಾಕುವುದು ಅವನ ರೂಢಿ. ಲದ್ದಿಯ ಫೋಟೊ, ಮುರಿದ ಬಾಳೆಯ ಫೋಟೊ, ಅದೃಷ್ಟವಿದ್ದರೆ ದೂರದಲ್ಲಿ ಒಂದು ಬೂದುಬಣ್ಣದ ಬೆನ್ನು. ಅದನ್ನು ನೋಡದೆ ಯಾರೂ ಹೊಲಕ್ಕೆ ಹೋಗುವುದಿಲ್ಲ, ಕಂಪನಿ ಬಸ್ಸಿಗೆ ನಡೆಯುವುದಿಲ್ಲ. ಅವನದು ಮುಗಿದ ಕೂಡಲೇ ಅದಕ್ಕೆ ಸ್ವಲ್ಪ ಮುಂಚೆ ಹಾಕಿದವರದು ತಾನಾಗಿ ತೆರೆದುಕೊಳ್ಳುತ್ತದೆ. ಚಂದ್ರಲೇಖಾ ದಿನವೂ ಅವನಿಗಿಂತ ಸ್ವಲ್ಪ ಮುಂಚೆ ಹಾಕುತ್ತಿದ್ದಳು.

“ಆನೆ ಓಯ್ತಾ ಇದ್ದಂಗೆ ನಿನ್ ಕಾಗ್ದ ಬತ್ತದೆ,” ಎಂದ ವೆಂಕಟರಮಣಪ್ಪ. “ಬೆರಳು ಇಕ್ಕಿ ತಳ್ಳೋಷ್ಟ್ರಾಗೆ ಬಂದೇಬುಡ್ತದೆ.”

ಊರಿಗೆ ಊರೇ ಓದುತ್ತಿತ್ತು. ಆನೆಯ ಲದ್ದಿಯನ್ನು.

ಅವಳ ಮುಖ ಇಳಿದದ್ದು ಕಂಡು ವೆಂಕಟರಮಣಪ್ಪ ಹೋಗಲಾರದೆ ನಿಂತ. ಅವನಿಗೆ ಇನ್ನೊಂದು ಕಷ್ಟವೂ ಇತ್ತು. ಹೆಣಕ್ಕೆಂದು ತಂದ ಹಾರವನ್ನು ಮನೆಗೆ ವಾಪಸು ಒಯ್ಯುವಂತಿಲ್ಲ. ದೇವರಿಗೆ ಹಾಕುವಂತಿಲ್ಲ. ಬದುಕಿರುವ ಟೀಚರಿಗಂತೂ ಹಾಕುವಂತಿಲ್ಲ. ಯೋಚಿಸಿ, ಕಾಂಪೌಂಡಿನ ಹೊರಗಿನ ಹುಣಸೆಮರದ ಕೊಂಬೆಗೆ ತಗುಲಿಸಿ ಬಂದ. “ಯಾರ್ಗಾದ್ರೂ ಬೇಕಾದೀತು.”

ಬಂದವನು ಗ್ರಂಥಾಲಯದ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತ. “ಇರ್ಲಿ. ಆ ಯಪ್ಪ ಏನ್ ಬರ್ದವ್ನೆ ಅಂತಾನಾದ್ರೂ ಯೋಳು. ಇಷ್ಟು ದೂರ ಬಂದಿವ್ನಿ.”

ಅವಳು ಪುಸ್ತಕ ತೆಗೆದು ಓದಿದಳು. ಒಬ್ಬ ಕುಪ್ಪಂ ಸಂತೆಯಿಂದ ಎಮ್ಮೆ ಕೊಂಡು ತರುತ್ತಾನೆ. ಎಮ್ಮೆ ಹುಟ್ಟಿ ಬೆಳೆದದ್ದು ತೆಲುಗು ಮನೆಯಲ್ಲಿ. ಬಾ ಎಂದರೆ ಬರುವುದಿಲ್ಲ, ನಿಲ್ಲು ಎಂದರೆ ನಿಲ್ಲುವುದಿಲ್ಲ, ಹಾಲು ಕರೆಯಲು ಕೂತರೆ ಒದೆಯುತ್ತದೆ. ಕೊನೆಗೆ ತೆಲುಗು ಬಲ್ಲ ನಾದಿನಿಯನ್ನು ಊರಿನಿಂದ ಕರೆಸುತ್ತಾರೆ. ಅವಳು ನಾಲ್ಕು ಮಾತಾಡಿದರೆ ಸಾಕು, ಚೊಂಬು ತುಂಬ ಹಾಲು. ಹಾಲು ಬೇಕಾದ್ದರಿಂದ ಅವಳು ಹೇಳಿದ್ದೇ ಆ ಮನೆಯಲ್ಲಿ ನಡೆಯತೊಡಗುತ್ತದೆ.

“ನಡೀದೆ ಇರ್ತದಾ!” ಎಂದು ವೆಂಕಟರಮಣಪ್ಪ ತೊಡೆ ತಟ್ಟಿದ. “ನಮ್ ಚಿಕ್ಕಪ್ಪನ್ ಮನ್ಯಾಗೂ ಇದೇ ಕಣಮ್ಮ. ಅಲ್ಲಿ ಎಮ್ಮೆ ಇರ್ಲಿಲ್ಲ ಅಷ್ಟೇ.”

ನಾದಿನಿ ಮುನಿಸಿಕೊಂಡು ಊರಿಗೆ ಹೊರಟ ದಿನ ಬೆಳಿಗ್ಗೆ ನೋಡಿದರೆ ಕೊಟ್ಟಿಗೆಯಲ್ಲಿ ಎಮ್ಮೆ ಇರಲಿಲ್ಲ ಎಂಬಲ್ಲಿಗೆ ಬೆಲ್ಲು ಹೊಡೆಯಿತು. ಚಂದ್ರಲೇಖಾ ಪುಸ್ತಕ ಮುಚ್ಚಿ ತರಗತಿಗೆ ಎದ್ದಳು.

“ಆಮ್ಯಾಕೆ?”

“ಪಾಠ ಇದೆ ಅಣ್ಣ.”

“ಎಮ್ಮೆ ಎಲ್ಲೋಯ್ತು ಅಂತ ಯೋಳ್ಬುಟ್ಟು ಹೋಗಮ್ಮ!”

ಅವಳು ಹೋಗಿಬಿಟ್ಟಳು. ಸಂಜೆ ಬಸ್ಸಿಗೆ ನಿಂತಾಗ ನೋಡಿದರೆ ಹುಣಸೆಮರದಲ್ಲಿ ಹಾರವಿರಲಿಲ್ಲ. ಯಾರದಾದರೂ ಸಾವಿಗೆ ಒದಗಿತೋ, ಆನೆ ತಿಂದಿತೋ. ಸುಬ್ರಮಣಿಯ ಸ್ಟೇಟಸ್ಸಿನಲ್ಲಿ ಅದರ ಪ್ರಸ್ತಾಪ ಬಂತೆಂದು ಯಾರೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಅವಳು ಪುಟದ ಫೋಟೊ ಹಾಕುವುದನ್ನು ಬಿಟ್ಟಳು. ಅದೇ ಕತೆಯನ್ನು ಮೊದಲಿನಿಂದ ತನ್ನ ದನಿಯಲ್ಲೇ ಓದಿ ಹಾಕಿದಳು. ಸ್ಟೇಟಸ್ಸಿನಲ್ಲಿ ಹೆಚ್ಚು ಹೊತ್ತಿನ ದನಿಗೆ ಜಾಗವಿರಲಿಲ್ಲ, ಅದು ಒಳ್ಳೆಯದೇ ಆಯಿತು. ದಿನಕ್ಕೆ ಒಂದೆರಡು ಚೂರು, ಹಾಲು ಉಕ್ಕುವ ಸದ್ದಿನ ಸಮೇತ. ಆನೆಯ ಹಿಂದೆಯೇ ಎಮ್ಮೆ ಬಂತು. ಅದು ಬೆರಳಿನಿಂದ ತಳ್ಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಗುರುವಾರ ಕಂಪನಿ ಬಸ್ಸಿನೊಳಗಿಂದ ದಿವ್ಯಳ ಸಂದೇಶ ಬಂತು: “ಟೀಚರ್, ಆ ನಾದಿನಿಗೆ ಇಷ್ಟು ಕೊಬ್ಬು ಯಾಕೆ?” ಅದನ್ನು ಅವಳು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಚಂದ್ರಲೇಖಾಳಿಗೆ ಬಂದ ಮೊದಲ ವಿಮರ್ಶೆ ಅದು.

ಶುಕ್ರವಾರದ ಬೆಳಿಗ್ಗೆ ಎಮ್ಮೆ ಕೊಟ್ಟಿಗೆಯಿಂದ ಮಾಯವಾಯಿತು. ಮಧ್ಯಾಹ್ನ ಸಮಿತಿ ಸೇರಿತು. ಕಂಪನಿಯಲ್ಲಿ ಅರ್ಧ ದಿನ ಕೇಳಿಕೊಂಡು ಬಂದ ದಿವ್ಯ ಅಧ್ಯಕ್ಷೆಯ ಕುರ್ಚಿಯಲ್ಲಿದ್ದಳು. ಕೊನೆಯ ಬೆಂಚಿನಲ್ಲಿ ಕೆಂಪಗಿನ ನಿದ್ದೆಗಣ್ಣಿನ ಒಬ್ಬ ಕೂತಿದ್ದ. ಅವನೇ ಸುಬ್ರಮಣಿ ಎಂದು ಚಂದ್ರಲೇಖಾಳಿಗೆ ಆಗಲೇ ತಿಳಿದದ್ದು.

“ರೂಮು ಲೈಬ್ರರಿಗಾ, ರವೆಗಾ, ಅದೇ ಮುಖ್ಯ ವಿಷಯ,” ಎಂದರು ರಘುನಾಥ್. “ಟೀಚರ್, ಎಷ್ಟು ಜನ ಓದ್ತಿದ್ದಾರೆ ಅಂತ ಫೋನಲ್ಲಿ ತೋರಿಸಿ.”

ಫೋನು ಅವಳ ಕೈಯಲ್ಲೇ ಇತ್ತು. ಹಳೆಯ ಪುಟಗಳನ್ನು ನೋಡಿದವರ ಸಾಲುಗಳ ಚಿತ್ರ ತೆಗೆದಿಟ್ಟಿದ್ದಳು. ತೋರಿಸಿದ್ದರೆ ಹೆಡ್‌ಮಾಸ್ಟರಿಗೆ ಸಾಕಿತ್ತು. ಆದರೆ ಆ ಸಾಲಿನ ಅರ್ಧ ಹೆಸರುಗಳು ಎದುರಿಗೇ ಕೂತಿದ್ದವು. ಅವಳು ಫೋನನ್ನು ಬ್ಯಾಗಿಗೆ ಹಾಕಿದಳು.

“ಯಾರೂ ಓದಿಲ್ಲ ಸರ್. ಅವರು ನೋಡಿದ್ದು ಆನೇನ.”

ಸುಬ್ರಮಣಿ ಪೂರ್ತಿ ಎಚ್ಚರವಾದ.

“ಅಂಗಾರೆ ಆಯ್ತಲ್ಲ,” ಎಂದು ಬೈರಮ್ಮ ಸೆರಗು ಸಿಕ್ಕಿಸಿ ಎದ್ದಳು. “ರೂಮು ನಂಗ್ ಕೊಡಿ. ನಿನ್ನೆ ಒಂದ್ ಮೂಟೆ ರವೆ ಜರಡಿ ಆಡೋದ್ರಾಗೆ ಸಾಕಾಯ್ತು. ಮಕ್ಕಳು ತಿನ್ನೋದು ಸಾಮಿ, ಆಟ ಅಲ್ಲ.” ಇಷ್ಟಾದ ಮೇಲೂ ಕೂರದೆ ಚಂದ್ರಲೇಖಾಳ ಕಡೆ ತಿರುಗಿದಳು. “ಅದ್ಸರಿ ಟೀಚರಮ್ಮ, ಆ ಎಮ್ಮೆ ಸಿಕ್ತಾ?”

“ಎಲ್ಲೋಯ್ತದೆ, ನಾದಿನಿ ಹಿಂದೇನೇ ಹೋಗ್ಬುಟ್ಟೈತೆ,” ಎಂದ ಬಾಗಿಲಲ್ಲಿ ನಿಂತಿದ್ದ ವೆಂಕಟರಮಣಪ್ಪ.

“ನೀನ್ ಸುಮ್ಕಿರು. ಸಾಯ್ದೆ ಇರೋರ್ಗೆ ಹಾರ ತಂದೋನು,” ಎಂದಳು ಬೈರಮ್ಮ.

“ಕಾಡಿಗೆ ನುಗ್ಗಿದ್ರೆ ಹೆಜ್ಜೆ ಬಿದ್ದಿರ್ತದೆ,” ಎಂದ ಸುಬ್ರಮಣಿ, ವೃತ್ತಿಧರ್ಮದಿಂದ. “ಹೆಜ್ಜೆ ನೋಡಿದ್ರಾ ಅವ್ರು?”

“ನನಗೂ ಅದೇ ಯೋಚನೆ,” ಎಂದಳು ದಿವ್ಯ. ಅಧ್ಯಕ್ಷೆ ಎಂಬುದು ನೆನಪಾಗಿ ಕುರ್ಚಿಯಲ್ಲಿ ನೆಟ್ಟಗಾದಳು. “ಟೀಚರ್, ಅದನ್ನ ಹೇಳ್ಬುಡಿ. ಆಮೇಲೆ ರೂಮ್ ವಿಷ್ಯ ಮಾತಾಡಣ.”

ಚಂದ್ರಲೇಖಾ ಎಲ್ಲರ ಮುಖ ನೋಡಿದಳು. “ಇನ್ನೂ ಹದಿನೈದು ಪುಟ ಇದೆ. ಸ್ಟೇಟಸ್ಸಲ್ಲಿ ಓದಿದ್ರೆ ದೀಪಾವಳಿ ಬರುತ್ತೆ. ನಾನು ಹೇಳಲ್ಲ.”

“ಅಯ್ಯೋ, ಯಾಕ್ ಟೀಚರ್?” ಎಂದಳು ದಿವ್ಯ.

“ನಿಮ್ಮ ಮಗಳು ನನ್ನ ಕ್ಲಾಸಲ್ಲೇ ಇದ್ದಾಳೆ. ನೀರು ಕುಡಿದಂತೆ ಕನ್ನಡ ಓದ್ತಾಳೆ. ಬೈರಮ್ಮನವರ ಮೊಮ್ಮಗನೂ ಓದ್ತಾನೆ. ಪುಸ್ತಕ ಮನೆಗೆ ಕಳಿಸ್ತೀನಿ, ಅವರ ಹತ್ರ ಓದಿಸಿಕೊಳ್ಳಿ. ಇರೋದು ಒಂದೇ ಪ್ರತಿ. ರೂಮು ಹೋದ್ರೆ ಅದು ವರಾಂಡದ ಗೋಣಿಚೀಲಕ್ಕೆ ಹೋಗುತ್ತೆ. ಎಮ್ಮೆ ಎಲ್ಲಿಗೆ ಹೋಯ್ತು ಅಂತ ಆಮೇಲೆ ಇಲಿಗಳಿಗೆ ಮಾತ್ರ ಗೊತ್ತಿರುತ್ತೆ.”

“ಟೀಚರು ಒಳ್ಳೆ ಕಿಲಾಡಿ ಕಣಪ್ಪ,” ಎಂದ ಸುಬ್ರಮಣಿ, ಮೆಚ್ಚುಗೆಯಿಂದ.

ಬೈರಮ್ಮನ ಕಣ್ಣು ಸಭೆ ಸೇರಿದ್ದ ಕೊಠಡಿಯನ್ನೇ ಮೆಲ್ಲಗೆ ಸುತ್ತಿ ಬಂತು. ಅದು ಹೆಡ್‌ಮಾಸ್ಟರ ಕೊಠಡಿ. ನೆಲ ಒಣಗಿತ್ತು, ಗೋಡೆ ಗಟ್ಟಿಯಿತ್ತು.

“ಸಾಮಿ, ಈ ಬಾಗ್ಲು ಸರ್ಯಾಗಿ ಮುಚ್ಕಂತದಾ?”

ರಘುನಾಥ್ ಬಾಗಿಲನ್ನು ನೋಡಿದರು, ಅದನ್ನು ಮೊದಲ ಬಾರಿ ಕಾಣುತ್ತಿರುವವರಂತೆ. “ಮುಚ್ಚುತ್ತೆ. ಆದ್ರೆ ಇಲ್ಲಿ ನಾನು…”

“ನೀವು ಒಬ್ರು ತಾನೆ ಇರದು? ಆ ಮೂಲ್ಯಾಗೆ ಮೂಟೆ ಜೋಡಿಸ್ತೀನಿ. ನೀವು ಕುಂತಿದ್ರೆ ಇಲೀನೂ ಬರಾಕಿಲ್ಲ.”

ಸಮಿತಿ ಒಮ್ಮತದಿಂದ ಒಪ್ಪಿತು. ಹೆಡ್‌ಮಾಸ್ಟರಿಗೆ ಸಮಿತಿಯಲ್ಲಿ ಮತವಿದೆಯೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಗ್ರಂಥಾಲಯ ಗ್ರಂಥಾಲಯವಾಗಿಯೇ ಉಳಿಯಿತು.

ಪುಸ್ತಕ ಮೊದಲು ಯಾರ ಮನೆಗೆ ಎಂಬುದಕ್ಕೆ ಮಾತ್ರ ಜಗಳವಾಯಿತು. ಅಧ್ಯಕ್ಷೆ ತಾನೆಂದು ದಿವ್ಯ ಹೇಳಿದಳು. “ರೂಮ್ ಬಿಟ್ಕೊಟ್ಟಿರೋಳು ನಾನು,” ಎಂದು ಬೈರಮ್ಮ ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು, ಮೊಮ್ಮಗನನ್ನು ಕೂಗುತ್ತಾ ಹೊರಟೇಹೋದಳು. ಹಿಂದೆ ವೆಂಕಟರಮಣಪ್ಪ ಮೊಪೆಡ್ ತಳ್ಳಿಕೊಂಡು, “ತಡ್ಯೇ, ನಾನ್ ಬರೋಗಂಟ ಓದಿಸ್ಬೇಡ,” ಎನ್ನುತ್ತಾ ಓಡಿದ.

ಶನಿವಾರ ಬೆಳಿಗ್ಗೆ ಚಂದ್ರಲೇಖಾ ಏನನ್ನೂ ಹಾಕಲಿಲ್ಲ. ಹಾಲು ಒಲೆಯ ಮೇಲಿಟ್ಟು, ಮೊದಲ ಸಲ ಸುಬ್ರಮಣಿಯ ಸ್ಟೇಟಸ್ಸನ್ನು ತಾನೇ ತೆರೆದಳು. ಲದ್ದಿಯಿರಲಿಲ್ಲ, ಬೆನ್ನಿರಲಿಲ್ಲ. ಅವನ ದನಿ ಮಾತ್ರ ಇತ್ತು, ಹಿಂದೆ ರಾಗಿ ಹೊಲದ ಗಾಳಿಯ ಸದ್ದು.

“ಇವತ್ತು ಆನೆ ಇತ್ಲಾಗೆ ಬಂದಿಲ್ಲ, ಎಲ್ರೂ ಧೈರ್ಯವಾಗಿ ಹೋಗ್ಬೋದು. ಬೈರಮ್ಮಕ್ಕಾ, ಎಮ್ಮೆ ಸಿಕ್ತಾ ಇಲ್ವಾ? ಯಾರ್ಗಾದ್ರೂ ಗೊತ್ತಿದ್ರೆ ಯೋಳ್ರಪ್ಪ.”